ಓಟ್‌ಮಾರ್ ಬ್ರೇಕ್ ಪ್ಯಾಡು ಆರಿಸಿದ್ದು

ಓಟ್‌ಮಾರ್ ಫ್ಲೈಡರರ್ ಒಳಗೆ ಕಾಲಿಟ್ಟರೆ ಹೋಹನ್‌ಬ್ಯೂಲ್ ಊರಿನ ಅಂಗಡಿಯವರು ಎದ್ದು ನಿಲ್ಲುತ್ತಿದ್ದರು. ಗೌರವಕ್ಕಲ್ಲ; ಮರೆತು ತಕ್ಕಡಿಯ ಮೇಲೆ ಮೊಣಕೈ ಊರಿದ್ದರೆ ತೆಗೆಯುವುದಕ್ಕೆ. ಅವನು ಜಿಲ್ಲೆಯ ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಇನ್‌ಸ್ಪೆಕ್ಟರು. ಮಾಂಸದಂಗಡಿಯ ತಕ್ಕಡಿ, ಪೆಟ್ರೋಲ್ ಬಂಕಿನ ಮೀಟರು, ಬಿಯರ್ ಲೋಟದ ಮೇಲಿನ ಗೆರೆ, ಎಲ್ಲವೂ ಅವನ ಮುದ್ರೆ ಬಿದ್ದ ಮೇಲೆಯೇ ಸತ್ಯ ನುಡಿಯಲು ಅರ್ಹ. ಒಂದು ಕ್ರಿಸ್‌ಮಸ್ ಸಮಯದಲ್ಲಿ ಬೇಕರಿಯ ಎಲ್ಫ್ರೀಡೆಯ ಬಿಸ್ಕತ್ತಿನ ತಕ್ಕಡಿಯನ್ನು ನಾಲ್ಕೇ ನಾಲ್ಕು ಗ್ರಾಂ ತಪ್ಪಿಗೆ ಮೂರು ದಿನ ಬಂದ್ ಮಾಡಿಸಿದ್ದ.

"ನಾಲ್ಕು ಗ್ರಾಂ ಅಂದ್ರೆ ಒಂದು ಬಾದಾಮಿ ಕೂಡ ಇಲ್ಲ ಫ್ಲೈಡರರ್ ಅವರೇ," ಎಂದು ಎಲ್ಫ್ರೀಡೆ ಅಂಗಲಾಚಿದ್ದಳು.

"ಮಿತಿ ಅನ್ನೋದು ಮಿತಿ, ಎಲ್ಫ್ರೀಡೆ ಅವರೇ. ಬಾದಾಮಿ ಕಾನೂನಲ್ಲಿ ಇಲ್ಲ," ಎಂದಿದ್ದ ಓಟ್‌ಮಾರ್.

ಆ ಮಾತನ್ನು ಅವಳು ಹನ್ನೊಂದು ವರ್ಷದಿಂದ ಹಿಟ್ಟಿನ ಡಬ್ಬಿಯಂತೆ ಭದ್ರವಾಗಿ ಮುಚ್ಚಿಟ್ಟುಕೊಂಡಿದ್ದಳು.

ಇಂಥ ಮನುಷ್ಯನ ಬದುಕಿನಲ್ಲೂ ಅಳತೆ ಮೀರಿದ ಒಂದು ವಸ್ತು ಇತ್ತು. ಎರಡು ಬಾಗಿಲಿನ, ಆರು ಸಿಲಿಂಡರಿನ, ಮುನ್ನೂರ ನಲವತ್ತು ಕುದುರೆ ಶಕ್ತಿಯ ಹಳೆಯ ಕೆಂಪು ಕಾರು. ಕಚೇರಿಗೆ ಅವನು ಸೈಕಲ್ಲಿನಲ್ಲಿ ಹೋಗುತ್ತಿದ್ದ. ಮುನ್ನೂರ ನಲವತ್ತು ಕುದುರೆಗಳು ವಾರವಿಡೀ ಗ್ಯಾರೇಜಿನಲ್ಲಿ ಹೊದಿಕೆಯಡಿ ಮಲಗಿದ್ದು, ಭಾನುವಾರ ಬೆಳಿಗ್ಗೆ ಎಂಟು ಬನ್ನು ತರಲು ಎದ್ದು ಬರುತ್ತಿದ್ದವು. ಅವು ನಿಜವಾಗಿ ಮೈಮುರಿದು ಓಡುತ್ತಿದ್ದದ್ದು ವರ್ಷಕ್ಕೊಮ್ಮೆ, ಈಸ್ಟರ್ ಕಳೆದು ಏಳು ವಾರಕ್ಕೆ ಬರುವ ಪೆಂತೆಕೊಸ್ತ್ ಹಬ್ಬದ ರಜೆಯಲ್ಲಿ, ಆಲ್ಪ್ಸ್ ದಾಟಿ ಗಾರ್ಡಾ ಸರೋವರಕ್ಕೆ. ಆ ರಜೆಗೆ ಸರೋವರಕ್ಕೆ ಹೋಗದೆ ಮನೆಯಲ್ಲಿ ಉಳಿದವನನ್ನು ನಮ್ಮ ಕಡೆ "ಏನಪ್ಪ, ಮೈಯಲ್ಲಿ ಹುಷಾರಿಲ್ವಾ" ಎಂದು ವಿಚಾರಿಸುತ್ತಾರೆ.

ಪಕ್ಕದ ಸೀಟಿನಲ್ಲಿ ಕೂರುವವಳು ಹೆಂಡತಿ ಗೂಡ್ರುನ್. ಅವಳು ಊರಿನ ಏಳನೇ ನಂಬರ್ ಬಸ್ಸಿನ ಚಾಲಕಿ. ಬೆಟ್ಟದ ಮೇಲಿನ ಹೋಹನ್‌ಬ್ಯೂಲಿನಿಂದ ಕೆಳಗಿನ ರೈಲು ನಿಲ್ದಾಣಕ್ಕೆ ಆರು ಕಡಿದಾದ ತಿರುವುಗಳ ಘಟ್ಟವನ್ನು ದಿನಕ್ಕೆ ಹತ್ತು ಸಲ, ಹದಿನಾಲ್ಕು ವರ್ಷದಿಂದ, ಹತ್ತಿ ಇಳಿಯುತ್ತಿದ್ದಳು. ಮದುವೆಯಾಗಿ ಇಪ್ಪತ್ತಾರು ವರ್ಷವಾಗಿದ್ದರೂ ಕೆಂಪು ಕಾರಿನ ಸ್ಟಿಯರಿಂಗನ್ನು ಅವಳು ಮುಟ್ಟಿರಲಿಲ್ಲ. ಅವಳು ಕೇಳಿರಲಿಲ್ಲ, ಅವನು ಕೊಟ್ಟಿರಲಿಲ್ಲ.

ಕಳೆದ ವರ್ಷದ ರಜೆಯಲ್ಲಿ ಒಂದು ಅವಘಡವಾಯಿತು. ಆಲ್ಪ್ಸ್‌ನ ಕಣಿವೆ ದಾರಿಯಲ್ಲಿ ಇಳಿಯುವಾಗ ಒಂಬತ್ತನೇ ತಿರುವಿನಲ್ಲಿ ಇಸ್ತ್ರಿಪೆಟ್ಟಿಗೆ ಸುಟ್ಟಂಥ ವಾಸನೆ ಬಂತು. ಹತ್ತನೆಯದರಲ್ಲಿ ಮುಂದಿನ ಚಕ್ರಗಳಿಂದ ನೀಲಿ ಹೊಗೆ. ಹನ್ನೊಂದನೆಯದರಲ್ಲಿ ಬ್ರೇಕಿನ ಪೆಡಲು ಬಂಡೆಯ ಹಾಗೆ ಗಟ್ಟಿಯಾಯಿತು. ಓಟ್‌ಮಾರ್ ಅದರ ಮೇಲೆ ಎದ್ದು ನಿಂತರೂ ಕಾರು ಯಾರ ಮಾತೂ ಕೇಳಿಸಿಕೊಳ್ಳದವರ ಹಾಗೆ ಮುಂದೆ ಹೋಗುತ್ತಲೇ ಇತ್ತು. ಗೇರು ಇಳಿಸಿ, ಕೈಬ್ರೇಕು ಎಳೆದು, ಅಂತೂ ರಸ್ತೆ ಪಕ್ಕದ ಜಲ್ಲಿಯಲ್ಲಿ ನಿಲ್ಲಿಸಿದ. ಗೂಡ್ರುನ್ ಸೀಟ್ ಬೆಲ್ಟ್ ಬಿಚ್ಚಿದಳು. ಕೈಚೀಲ ತೆಗೆದುಕೊಂಡು ಇಳಿದಳು. ಹಿಂದಿನಿಂದ ಉಲ್ಮ್ ಊರಿನ ನಿವೃತ್ತರನ್ನು ತುಂಬಿಕೊಂಡು ಒಂದು ಪ್ರವಾಸಿ ಬಸ್ಸು ಬರುತ್ತಿತ್ತು. ಬಸ್ಸಿನವರು ಬಸ್ಸಿನವರಿಗೆ ಎತ್ತುವ ರೀತಿಯಲ್ಲಿ ಎರಡು ಬೆರಳು ಎತ್ತಿದಳು, ಬಸ್ಸು ನಿಂತಿತು, ಹತ್ತಿ ಹೋದಳು.

ಬ್ರೇಕು ಆರಿದ ಮೇಲೆ ಎರಡನೇ ಗೇರಿನಲ್ಲಿ ತೆವಳುತ್ತ ಓಟ್‌ಮಾರ್ ಸರೋವರ ಮುಟ್ಟಿದಾಗ ಅವಳು ಫೌಸ್ತೊ ಎಂಬ ಆ ಚಾಲಕನ ಜೊತೆ ಐಸ್‌ಕ್ರೀಮು ತಿನ್ನುತ್ತ ಕೂತಿದ್ದಳು. ಓಟ್‌ಮಾರ್ ಹತ್ತಿರ ಬಂದಾಗ ಇಬ್ಬರೂ ಗೇರ್‌ಬಾಕ್ಸಿನ ಬಗ್ಗೆ ನಗುನಗುತ್ತ ಮಾತಾಡುತ್ತಿದ್ದರು. ಗೇರ್‌ಬಾಕ್ಸಿನಲ್ಲಿ ನಗುವಂಥದ್ದು ಏನಿದೆ ಎಂದು ಓಟ್‌ಮಾರ್‌ಗೆ ಇಂದಿಗೂ ಹೊಳೆದಿಲ್ಲ.

ಹೊಸ ವರ್ಷಕ್ಕೆ ಫೌಸ್ತೊ ಶುಭಾಶಯ ಕಳಿಸಿದ. ಜನವರಿಯಲ್ಲಿ ಗೂಡ್ರುನ್ ಫ್ರಿಜ್ಜಿನ ಬಾಗಿಲಿಗೆ ಒಂದು ಕಾಗದ ಅಂಟಿಸಿದಳು. ಪೆಂತೆಕೊಸ್ತ್ ರಜೆಗೆ ಉಲ್ಮ್‌ನಿಂದ ಗಾರ್ಡಾ ಸರೋವರಕ್ಕೆ ಬಸ್ಸಿನ ಟಿಕೆಟ್ಟು. ಸೀಟು ನಂಬರ್ ಒಂದು, ಚಾಲಕನ ಪಕ್ಕ.

"ಒಂದೇ ಸೀಟಾ?" ಎಂದ ಓಟ್‌ಮಾರ್.

"ನಿನಗೆ ಕಾರಿದೆಯಲ್ಲ."

"ಅಂದ್ರೆ ನೀನು ಬರಲ್ವಾ?"

"ಹಬ್ಬದ ಹಿಂದಿನ ಗುರುವಾರ ಸಂಜೆ ಏಳರವರೆಗೆ ಟಿಕೆಟ್ಟು ಬೇಡ ಅಂತ ಫೋನ್ ಮಾಡಬಹುದು. ಅವತ್ತು ನಮ್ಮ ಘಟ್ಟ ಇಳಿಸಿ ತೋರಿಸು. ನಿನ್ನ ಬ್ರೇಕು ನನಗೆ ಒಪ್ಪಿಗೆ ಆದ್ರೆ ಫೋನ್ ಮಾಡ್ತೀನಿ. ಇಲ್ಲ ಅಂದ್ರೆ ಸರೋವರದ ಹತ್ತಿರ ಸಿಗೋಣ. ಫೌಸ್ತೊ ಬಸ್ಸು ನಿನಗಿಂತ ಮೊದಲೇ ಬರುತ್ತೆ, ನಿನಗೊಂದು ಜಾಗ ಹಿಡಿದಿಟ್ಟಿರ್ತೀನಿ."

ಆ ರಾತ್ರಿಯಿಂದ ಓಟ್‌ಮಾರ್‌ನ ಎದೆಯಲ್ಲಿ, ಚಕ್ರದ ಡಿಸ್ಕನ್ನು ಕಚ್ಚಿ ನಿಲ್ಲಿಸುವ ಬ್ರೇಕ್ ಪ್ಯಾಡು ಎಂಬ ಎರಡು ಬೆರಳಗಲದ ವಸ್ತು ಬೀಸುಕಲ್ಲಿನಂತೆ ತಿರುಗತೊಡಗಿತು.

ಮೊದಲು ಓಕ್ಸೆನ್ ಹೋಟೆಲಿನ ಕಾಯಂ ಮೇಜಿನಲ್ಲಿ ವಿಷಯ ಇಟ್ಟ. ಗುರುವಾರ ಗುರುವಾರ ಅಲ್ಲಿ ಕೂರುವವರು ಮೂವರು: ಓಟ್‌ಮಾರ್, ಗ್ಯಾರೇಜಿನ ಸೀಗ್‌ಬರ್ಟ್, ಹಲ್ಲಿನ ಡಾಕ್ಟರ್ ರೋಲಾಂಟ್. ಸೀಗ್‌ಬರ್ಟ್ ಮೂವತ್ತು ವರ್ಷದಿಂದ ಊರಿನ ಕಾರುಗಳನ್ನೆಲ್ಲ ಬಿಚ್ಚಿ ಕಟ್ಟಿದವನು, ಹಾಗಾಗಿ ಯಾವ ಕಾರಿನ ಮೇಲೂ ಅವನಿಗೆ ಭಕ್ತಿ ಉಳಿದಿರಲಿಲ್ಲ. ರೋಲಾಂಟ್ ವರ್ಷಕ್ಕೆರಡು ಸಲ ರೇಸಿನ ಟ್ರ್ಯಾಕಿಗೆ ಹೋಗಿ ತನ್ನ ಕಾರನ್ನು ಓಡಿಸಿ ಬರುತ್ತಿದ್ದ, ಹಾಗಾಗಿ ಅವನಲ್ಲಿ ಭಕ್ತಿಯ ಹೊರತು ಬೇರೇನೂ ಇರಲಿಲ್ಲ.

"ಕಾರಿನ ಕಂಪನಿಯದ್ದೇ ಹಾಕು," ಎಂದ ಸೀಗ್‌ಬರ್ಟ್, ಬೇಳೆ ಸಾರಿನಲ್ಲಿ ಸಾಸೇಜು ಮುಳುಗಿಸುತ್ತ.

"ಅದನ್ನ ಹಾಕಿದ್ದಕ್ಕೇ ಹೊಗೆ ಬಂದದ್ದು."

"ಅದು ಒಂಬತ್ತು ವರ್ಷದ ಹಳೇದು ಕಣೋ. ಅದರಲ್ಲಿ ಪ್ಯಾಡು ಎಲ್ಲಿತ್ತು? ತಗಡಿಗೆ ಬಣ್ಣ ಬಳಿದ ಹಾಗಿತ್ತು."

"ಮುನ್ನೂರ ನಲವತ್ತು ಕುದುರೆಗೆ ಕಂಪನಿ ಪ್ಯಾಡಾ," ಎಂದು ರೋಲಾಂಟ್ ನಕ್ಕ. "ಅದು ಕಟ್ಟಿಸಿಕೊಂಡ ಹಲ್ಲಿದ್ದ ಹಾಗೆ ಓಟ್‌ಮಾರ್. ಗಂಜಿಗೆ ಸರಿ. ನಿನ್ನ ಕಾರಿಗೆ ಬೇಕಾದ್ದು ತೋಳದ ಹಲ್ಲು. ರೇಸಿನ ಪ್ಯಾಡು ಹಾಕು, ಆರುನೂರು ಡಿಗ್ರಿ ಆದ್ರೂ ಕಚ್ಚಿದ್ದು ಬಿಡಲ್ಲ."

"ಇನ್ನೂರು ಡಿಗ್ರಿ ಆಗೋ ತನಕ ಕಚ್ಚೋದೂ ಇಲ್ಲ," ಎಂದ ಸೀಗ್‌ಬರ್ಟ್. "ಕಾದ ಮೇಲೆ ತೋಳ, ತಣ್ಣಗಿದ್ದರೆ ತೋಳದ ಫೋಟೋ."

"ಸ್ವಲ್ಪ ಓಡಿಸಿ ಕಾಯಿಸಿಕೊಳ್ಳಲಿ."

"ಬನ್ನು ತರೋಕೆ ಹೋಗುವಾಗ ಊರು ನಾಲ್ಕು ಸುತ್ತು ಹಾಕಿ ಕಾಯಿಸಿಕೊಂಡು ಹೋಗ್ತಾನಾ? ಕೇಳು ಓಟ್‌ಮಾರ್. ಪ್ಯಾಡಿನ ಹತ್ತಿರ ನಾಲ್ಕು ಕೇಳಬಹುದು. ಕಿರಿಚಬಾರದು. ಚಕ್ರಕ್ಕೆ ಕಪ್ಪು ಪುಡಿ ಬಳಿಯಬಾರದು. ತಣ್ಣಗಿದ್ದಾಗ ಕಚ್ಚಬೇಕು. ಬಿಸಿಯಾದಾಗ ಬಿಡಬಾರದು. ನಾಲ್ಕರಲ್ಲಿ ಮೂರು ಕೇಳು, ಕೊಡ್ತೀನಿ. ನಾಲ್ಕೂ ಬೇಕು ಅಂದ್ರೆ ಚರ್ಚಿಗೆ ಹೋಗು, ನನ್ನ ಗ್ಯಾರೇಜಿಗೆ ಬರಬೇಡ."

ಓಟ್‌ಮಾರ್‌ಗೆ ಇದು ಸಮಾಧಾನ ತರಲಿಲ್ಲ. ಮೂರಕ್ಕೆ ಒಪ್ಪುವ ಮನುಷ್ಯ ತಕ್ಕಡಿಗೆ ಮುದ್ರೆ ಒತ್ತುವ ಕೆಲಸಕ್ಕೆ ಬರುವುದಿಲ್ಲ. ಅವನು ಚಳಿಗಾಲ ಪೂರ್ತಿ ಓದಿದ. ಅಂತರ್ಜಾಲದಲ್ಲಿ ಪ್ಯಾಡಿನ ಬಗ್ಗೆ ಜಗಳವಾಡುವ ಜನರ ಒಂದು ಇಡೀ ರಾಜ್ಯವೇ ಇತ್ತು. ಅಲ್ಲಿ ಪ್ರತಿಯೊಬ್ಬನೂ ತಾನು ಹಾಕಿಸಿದ್ದೇ ಭೂಮಿಯ ಮೇಲಿನ ಶ್ರೇಷ್ಠ ಪ್ಯಾಡೆಂದೂ, ಬೇರೆಯದನ್ನು ಹಾಕಿಸಿದವರು ಇನ್ನೂ ಬದುಕಿರುವುದೇ ಆಶ್ಚರ್ಯವೆಂದೂ ಬರೆದಿದ್ದ. ಓಟ್‌ಮಾರ್ ಪ್ಯಾಡು ತಯಾರಿಸುವ ಐವರಿಗೆ ಇಪ್ಪತ್ತಮೂರು ಪ್ರಶ್ನೆಗಳ ಪತ್ರ ಬರೆದ. ಇಬ್ಬರು ಉತ್ತರಿಸಿದರು. ಒಬ್ಬರು ಬೆಲೆಪಟ್ಟಿ ಕಳಿಸಿದರು, ಇನ್ನೊಬ್ಬರು ಟೋಪಿ ಕಳಿಸಿದರು.

ಮಾರ್ಚಿನ ಹೊತ್ತಿಗೆ ಅಡುಗೆಮನೆಯ ಮೇಜಿನ ಮೇಲೆ ನಾಲ್ಕು ಪೆಟ್ಟಿಗೆ ಕೂತಿದ್ದವು. ಗೂಡ್ರುನ್ ಮೌಲ್‌ಟಾಶೆನ್ ಎಂಬ ಪಾಲಕ್ ತುಂಬಿದ ಕಡುಬು ಮಾಡಲು ಹಿಟ್ಟು ಲಟ್ಟಿಸುತ್ತಿದ್ದಳು. ಓಟ್‌ಮಾರ್ ಅವಳ ಅಡುಗೆ ತಕ್ಕಡಿಯಲ್ಲಿ ಪ್ಯಾಡು ತೂಗುತ್ತಿದ್ದ.

"ಇದು ಮುನ್ನೂರ ಎಪ್ಪತ್ತೆರಡು ಗ್ರಾಂ ಗೂಡ್ರುನ್. ಅದು ಮುನ್ನೂರ ಎಂಬತ್ತು."

"ಸಂತೋಷ. ಈಗ ಅದನ್ನ ಇಳಿಸು, ಪಾಲಕ್ ತೂಗಬೇಕು."

"ನಿನ್ನ ಬಸ್ಸಿಗೆ ಯಾವ ಪ್ಯಾಡು ಹಾಕಿದ್ದಾರೆ?"

"ಗೊತ್ತಿಲ್ಲ."

ಓಟ್‌ಮಾರ್ ಪ್ಯಾಡನ್ನು ಕೆಳಗಿಟ್ಟ. "ಹದಿನೆಂಟು ಟನ್ ಗಾಡಿ, ಒಳಗೆ ಎಪ್ಪತ್ತು ಜನ. ಯಾವ ಪ್ಯಾಡು ಅಂತಾನೇ ಗೊತ್ತಿಲ್ವಾ ನಿನಗೆ?"

"ಬ್ರೇಕು ಇರೋದು ನಿಲ್ದಾಣದಲ್ಲಿ ನಿಲ್ಲಿಸೋಕೆ ಕಣೋ. ಅಲ್ಲಿ ನಿಲ್ಲುತ್ತೆ. ಅಷ್ಟು ಸಾಕು," ಎಂದು ಅವಳು ಹಿಟ್ಟಿನ ಅಂಚು ಮಡಿಸಿ ಒತ್ತಿದಳು.

ಓಟ್‌ಮಾರ್ ಅಯ್ಯೋ ಪಾಪ ಎಂಬಂತೆ ನೋಡಿದ. ಘಟ್ಟದಲ್ಲಿ ಹದಿನಾಲ್ಕು ವರ್ಷ ಓಡಿಸಿಯೂ ಬ್ರೇಕಿನ ವಿಚಾರದಲ್ಲಿ ಇಷ್ಟು ಅಜ್ಞಾನ ಉಳಿಸಿಕೊಂಡಿದ್ದಾಳಲ್ಲ ಎಂದುಕೊಂಡ. ಅವಳ ಆ ಮಾತನ್ನು ಅವನು ಪ್ಯಾಡುಗಳನ್ನು ಹೋಲಿಸಲು ಹಾಕಿಕೊಂಡಿದ್ದ ಕೋಷ್ಟಕದಲ್ಲಿ ಬರೆದುಕೊಳ್ಳಲಿಲ್ಲ.

ಕೊನೆಗೆ ಗೆದ್ದದ್ದು ರೋಲಾಂಟ್. ಸರೋವರದ ದಾರಿಯ ಹನ್ನೊಂದನೇ ತಿರುವು ನೆನಪಾದಾಗಲೆಲ್ಲ ಓಟ್‌ಮಾರ್‌ಗೆ ಆರುನೂರು ಡಿಗ್ರಿ ಎಂಬ ಮಾತು ದೇವರ ಅಭಯದಂತೆ ಕೇಳುತ್ತಿತ್ತು. ರೇಸಿನ ಪ್ಯಾಡು ತರಿಸಿದ. ಪೆಟ್ಟಿಗೆಯ ತಳದಲ್ಲಿ ಸಾಸಿವೆ ಗಾತ್ರದ ಅಕ್ಷರದಲ್ಲಿ ಹೀಗಿತ್ತು: ಸಾರ್ವಜನಿಕ ರಸ್ತೆಗೆ ಅನುಮತಿ ಇಲ್ಲ. ಅನುಮೋದನೆಯ ಮುದ್ರೆ ಎಲ್ಲೂ ಇರಲಿಲ್ಲ. ಓಟ್‌ಮಾರ್ ಭೂತಗನ್ನಡಿ ಹಿಡಿದು ಎರಡು ಸಲ ಹುಡುಕಿದ. ಮುದ್ರೆಯಿಲ್ಲದ ತಕ್ಕಡಿಯನ್ನು ಕಂಡರೆ ಊಟ ಬಿಡುತ್ತಿದ್ದ ಆ ಮನುಷ್ಯ ಅವತ್ತು ಪೆಟ್ಟಿಗೆಯನ್ನು ಹರಿದು, ಮಡಿಸಿ, ಹಳೆಯ ಕಾಗದದ ಡಬ್ಬಿಯ ತಳಕ್ಕೆ ತಳ್ಳಿ, ಮೇಲೆ ವಾರ್ತಾಪತ್ರಿಕೆ ಹೊದಿಸಿದ. ಸೀಗ್‌ಬರ್ಟ್ ಇಂಥದ್ದನ್ನು ತನ್ನ ಗ್ಯಾರೇಜಿನಲ್ಲಿ ಹಾಕಿಕೊಡುವುದಿಲ್ಲ ಎಂದು ಗೊತ್ತಿದ್ದರಿಂದ ಬಾಗಿಲು ಹಾಕಿಕೊಂಡು ತಾನೇ ಜೋಡಿಸಿದ. ಒಂದು ವಾರ ಬೀದಿಯಲ್ಲಿ ಎದುರಾದವರಿಗೆಲ್ಲ ಅಗತ್ಯಕ್ಕಿಂತ ಮೊದಲೇ ನಮಸ್ಕಾರ ಹೇಳುತ್ತಿದ್ದ. ಕದ್ದು ಸಂಬಂಧ ಇಟ್ಟುಕೊಂಡವರು ಹೀಗೆ ಮಾಡುತ್ತಾರೆಂದು ಕೇಳಿದ್ದೇವೆ.

ಈಸ್ಟರಿನ ಮರುವಾರ, ಭಾನುವಾರ ಬೆಳಿಗ್ಗೆ ಎಂಟು ಗಂಟೆ. ರಾತ್ರಿ ಮಂಜು ಬಿದ್ದು ಗಾಳಿ ಇನ್ನೂ ಕೊರೆಯುತ್ತಿತ್ತು. ಬೇಕರಿಯ ಮುಂದೆ ಹತ್ತು ಜನ ಸಾಲು ನಿಂತಿದ್ದರು. ಕೆಂಪು ಕಾರು ಇಳಿಜಾರಿನಲ್ಲಿ ಬಂತು. ಓಟ್‌ಮಾರ್ ಯಾವಾಗಲೂ ಒತ್ತುವ ಜಾಗದಲ್ಲಿ ಬ್ರೇಕು ಒತ್ತಿದ. ತೋಳದ ಹಲ್ಲು ಮಲಗಿತ್ತು. ಇನ್ನಷ್ಟು ಒತ್ತಿದ. ತೋಳ ಏಳಲಿಲ್ಲ, ಆದರೆ ಕಿರುಚಿತು. ಹಂದಿಯನ್ನು ಗೋಣಿಚೀಲಕ್ಕೆ ತುಂಬುವಾಗ ಬರುವ ಸದ್ದು. ಸಾಲಿನವರೆಲ್ಲ ತಿರುಗಿದರು. ಅವರ ಕಣ್ಣೆದುರಿಗೇ ಓಟ್‌ಮಾರ್ ನೆಟ್ಟಗೆ ಕೂತು, ಮುಂದೆ ನೋಡುತ್ತ, ಬೇಕರಿಯನ್ನು ದಾಟಿ, ಔಷಧಿ ಅಂಗಡಿಯನ್ನು ದಾಟಿ, ಹೂವಿನ ಕುಂಡಗಳ ಮುಂದೆ ಹೋಗಿ ನಿಂತ.

ಅಲ್ಲಿಂದ ಮರಳಿ ನಡೆದು ಬರುವುದಕ್ಕೆ ಹಿಡಿದ ಸಮಯ ಅವನ ಸರ್ಕಾರಿ ಸೇವೆಯ ಅತಿ ದೀರ್ಘ ಸಮಯ. ಎಲ್ಫ್ರೀಡೆ ಎಂಟು ಬನ್ನನ್ನು ಚೀಲಕ್ಕೆ ಹಾಕಿ, ಬಾಯಿ ಮಡಿಸಿ, ಎರಡೂ ಕೈಯಲ್ಲಿ ಮುಂದೆ ಹಿಡಿದಳು.

"ಹದಿನೇಳು ಮೀಟರು ಫ್ಲೈಡರರ್ ಅವರೇ. ಹೆಜ್ಜೆ ಲೆಕ್ಕದಲ್ಲಿ ಹೇಳ್ತಾ ಇದ್ದೀನಿ, ನನ್ನ ಹತ್ತಿರ ಮುದ್ರೆ ಬಿದ್ದ ಟೇಪು ಇಲ್ಲ. ಇದು ಮಿತಿಯೊಳಗೆ ಬರುತ್ತಾ?"

ಸಾಲಿನಲ್ಲಿ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಅದೇ ಮಧ್ಯಾಹ್ನ ರೇಸಿನ ಪ್ಯಾಡುಗಳು ಕೆಳಗಿಳಿದವು. ಮರುದಿನ ಓಟ್‌ಮಾರ್ ಸೀಗ್‌ಬರ್ಟನ ಗ್ಯಾರೇಜಿನಲ್ಲಿ ತಲೆ ತಗ್ಗಿಸಿ ನಿಂತಿದ್ದ.

"ಮೂರಕ್ಕೆ ಒಪ್ಪಿದೆ," ಎಂದ.

"ಯಾವ ಮೂರು?"

"ತಣ್ಣಗಿದ್ದಾಗ ಕಚ್ಚಬೇಕು. ಬಿಸಿಯಾದಾಗ ಬಿಡಬಾರದು. ಕಿರಿಚಲೇಬಾರದು."

"ಅಂದ್ರೆ ಪುಡಿ ಬೀಳುತ್ತೆ. ಶನಿವಾರ ಶನಿವಾರ ಚಕ್ರ ತೊಳೆಯಬೇಕು."

"ತೊಳೀತೀನಿ. ಅನುಮೋದನೆ ಮುದ್ರೆ ಇದೆಯಾ?"

ಸೀಗ್‌ಬರ್ಟ್ ಮಾದರಿಗೆ ಇಟ್ಟಿದ್ದ ಪ್ಯಾಡೊಂದರ ಬೆನ್ನು ತಿರುಗಿಸಿ ತೋರಿಸಿದ. ಓಟ್‌ಮಾರ್ ಆ ಮುದ್ರೆಯ ಮೇಲೆ ಬೆರಳಾಡಿಸಿದ. ಅವನ ಮುಖದಲ್ಲಿ ಮನೆಗೆ ಮರಳಿದವನ ಕಳೆ ಇತ್ತು. ಈ ಪ್ಯಾಡು ರಸ್ತೆಯಲ್ಲಿ ಜೋರಾಗಿ ಓಡುವ ಕಾರಿಗೆಂದೇ ಮಾಡಿದ್ದು, ಕಂಪನಿಯದಕ್ಕಿಂತ ಒಂದು ಹೆಜ್ಜೆ ಮೇಲೆ, ರೇಸಿನದಕ್ಕಿಂತ ಎರಡು ಹೆಜ್ಜೆ ಕೆಳಗೆ. ಆದರೆ ಕೆಂಪು ಕಾರಿನ ಅಳತೆಯದ್ದು ಗೂಡ್ರುನ್‌ಳ ಪರೀಕ್ಷೆಯ ಹಿಂದಿನ ದಿನವಷ್ಟೇ ಬಂತು. ಜೊತೆಗೊಂದು ಸೂಚನೆಯ ಕಾಗದವಿತ್ತು: ಹೊಸ ಪ್ಯಾಡನ್ನು ಪಳಗಿಸಬೇಕು. ಗಂಟೆಗೆ ಎಂಬತ್ತು ಕಿಲೋಮೀಟರ್ ವೇಗದಿಂದ ಮೂವತ್ತಕ್ಕೆ ಇಳಿಸಿ. ಪೂರ್ತಿ ನಿಲ್ಲಿಸಕೂಡದು. ಅರ್ಧ ನಿಮಿಷ ಆರಗೊಡಿ. ಹೀಗೆ ಇಪ್ಪತ್ತು ಸಲ.

ಬುಧವಾರ ಸಂಜೆ ಓಟ್‌ಮಾರ್ ಊರಾಚೆಯ ನೇರ ರಸ್ತೆಯಲ್ಲಿ ಪಳಗಿಸಲು ಹೊರಟ. ಆ ರಸ್ತೆಯ ಬದಿಯಲ್ಲಿ ಇದ್ದದ್ದು ಹೆಫೆಲೆಯಮ್ಮನ ಒಂದೇ ಮನೆ, ಆದರೆ ಹೆಫೆಲೆಯಮ್ಮ ಒಬ್ಬಳೇ ಒಂದು ಬೀದಿಯಷ್ಟು ಕಣ್ಣಿಡಬಲ್ಲವಳು. ಕೆಂಪು ಕಾರೊಂದು ಜೋರಾಗಿ ಬರುವುದು, ಯಾರೂ ಇಲ್ಲದ ರಸ್ತೆಯಲ್ಲಿ ಗಕ್ಕನೆ ನಿಧಾನವಾಗುವುದು, ಮತ್ತೆ ಜೋರಾಗುವುದು, ತುದಿಯಲ್ಲಿ ತಿರುಗಿ ಬಂದು ಮತ್ತೆ ಅದನ್ನೇ ಮಾಡುವುದು. ಆರನೇ ಸಲಕ್ಕೆ ಅವಳು ಕನ್ನಡಕ ಹಾಕಿಕೊಂಡಳು. ಒಂಬತ್ತನೇ ಸಲಕ್ಕೆ ಪೊಲೀಸರಿಗೆ ಫೋನ್ ಮಾಡಿದಳು: "ಒಬ್ಬ ಗಂಡಸು ತಾನು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನ ಮಾಡೋಕೆ ಆಗದೆ ಒದ್ದಾಡ್ತಾ ಇದ್ದಾನೆ, ಬನ್ನಿ."

ಪೊಲೀಸ್ ಕ್ನೋಡ್ಲರ್ ಬಂದು ಕೈ ಅಡ್ಡ ಹಿಡಿದ. ಓಟ್‌ಮಾರ್ ನಿಲ್ಲಿಸಿದ. ಚಕ್ರಗಳಿಂದ ಕಮಟು ವಾಸನೆ ಬರುತ್ತಿತ್ತು.

"ಏನು ನಡೀತಾ ಇದೆ ಫ್ಲೈಡರರ್ ಅವರೇ? ಕುಡಿದಿದ್ದೀರಾ?"

"ಇಲ್ಲ. ಸೂಚನೆ ಪ್ರಕಾರ ಓಡಿಸ್ತಾ ಇದ್ದೀನಿ," ಎಂದು ಕಾಗದ ಕೊಟ್ಟ.

ಕ್ನೋಡ್ಲರ್ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ಹಿಂದುಮುಂದು ಮಾಡಿ ನೋಡಿದ. ಮತ್ತೆ ಓದಿದ.

"ಇಪ್ಪತ್ತು ಅಂತಿದೆ. ಎಷ್ಟಾಯ್ತು?"

"ಹದಿಮೂರು."

"ಪೂರ್ತಿ ನಿಲ್ಲಿಸಕೂಡದು ಅಂತಲೂ ಇದೆ."

"ಹೌದು."

"ಮತ್ತೆ ಯಾಕೆ ನಿಲ್ಲಿಸಿದ್ರಿ?"

"ನೀವು ಕೈ ತೋರಿಸಿದ್ರಿ."

ಕ್ನೋಡ್ಲರ್‌ನ ಮುಖ ಇಳಿಯಿತು. ಅಚ್ಚು ಹಾಕಿದ ಸೂಚನೆಯೊಂದು ಕಣ್ಣೆದುರಿಗೆ ಮುರಿದುಬಿದ್ದಿತ್ತು, ಮುರಿದವನು ಸರ್ಕಾರಿ ಸಮವಸ್ತ್ರದಲ್ಲಿದ್ದ.

"ಈಗ ಏನು ಮಾಡಬೇಕು ಅಂತ ಬರೆದಿದ್ದಾರಾ?"

"ಹಿಂದಿನ ಪುಟದಲ್ಲಿದೆ. ಮಧ್ಯೆ ನಿಂತರೆ ಪೂರ್ತಿ ಆರಿಸಿ ಒಂದರಿಂದ ಶುರು ಮಾಡಬೇಕು."

ಇಬ್ಬರೂ ಬೇಲಿಗೆ ಒರಗಿ ಬ್ರೇಕು ಆರುವುದನ್ನು ಕಾದರು. ಹೆಫೆಲೆಯಮ್ಮ ಇಬ್ಬರಿಗೂ ಸೇಬಿನ ರಸ ತಂದುಕೊಟ್ಟಳು, ವಿಷಯ ತಿಳಿಯದೆ ನಿದ್ದೆ ಬರುವುದಿಲ್ಲವಾದ್ದರಿಂದ. ಆಮೇಲೆ ಕ್ನೋಡ್ಲರ್ ತನ್ನ ಗಾಡಿಯನ್ನು ರಸ್ತೆಯ ತುದಿಗೆ ಅಡ್ಡ ನಿಲ್ಲಿಸಿ, ನೀಲಿ ದೀಪ ಹಾಕಿ, ಬಾನೆಟ್ಟಿನ ಮೇಲೆ ಕೂತು ಒಂದೊಂದಕ್ಕೂ ಗೀಟು ಹಾಕುತ್ತ ಇಪ್ಪತ್ತು ಎಣಿಸಿಕೊಟ್ಟ. ಇಪ್ಪತ್ತೊಂದನೆಯದಕ್ಕೆ ಓಟ್‌ಮಾರ್ ವೇಗ ಹೆಚ್ಚಿಸಿದಾಗ ಶಿಳ್ಳೆ ಊದಿದ.

ಗುರುವಾರ ಸಂಜೆ ಐದೂವರೆಗೆ ಗೂಡ್ರುನ್ ಡ್ಯೂಟಿ ಮುಗಿಸಿ, ಬಸ್ಸಿನ ಸಮವಸ್ತ್ರದಲ್ಲೇ ಬಂದು ಕೆಂಪು ಕಾರಿನಲ್ಲಿ ಕೂತಳು. ಓಟ್‌ಮಾರ್ ಗಡ್ಡ ಹೆರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ. ಘಟ್ಟದ ನೆತ್ತಿಯಲ್ಲಿ ಒಂದು ಕ್ಷಣ ನಿಲ್ಲಿಸಿ, "ನೋಡು," ಎಂದ.

ಇಳಿದರು. ಪ್ಯಾಡುಗಳು ಹೇಳಿದ ಮಾತು ಕೇಳಿದವು. ತಿರುವಿಗೆ ಮುಂಚೆ ಓಟ್‌ಮಾರ್ ಗಟ್ಟಿಯಾಗಿ ಒತ್ತಿದರೆ ಕಾರು ಗಟ್ಟಿಯಾಗಿ ಕುಗ್ಗುತ್ತಿತ್ತು, ಬಿಟ್ಟರೆ ಹಾರುತ್ತಿತ್ತು, ಮುಂದಿನ ತಿರುವಿಗೆ ಮತ್ತೆ ಒತ್ತುತ್ತಿದ್ದ. ಕಿರಿಚಲಿಲ್ಲ, ಜಾರಲಿಲ್ಲ. ಗೂಡ್ರುನ್‌ಳ ಬಲಗಾಲು ಮಾತ್ರ ಪ್ರತಿ ತಿರುವಿಗೂ ಕಾಲಡಿಯ ಚಾಪೆಯನ್ನು ಒತ್ತುತ್ತಿತ್ತು. ಕೆಳಗೆ ರೈಲು ನಿಲ್ದಾಣದ ಹತ್ತಿರ ಗೆರೆ ಎಳೆದ ಹಾಗೆ ನಿಂತಾಗ ಓಟ್‌ಮಾರ್ ಉಸಿರು ಬಿಟ್ಟ.

"ಹೇಗಿದೆ?"

"ಪ್ಯಾಡು ಚೆನ್ನಾಗಿದೆ," ಎಂದಳು ಗೂಡ್ರುನ್.

"ಹಾಗಾದ್ರೆ ಫೋನ್ ಮಾಡು."

ಅವಳು ಕಿಟಕಿ ಇಳಿಸಿ ಮೂಗು ಹೊರಗಿಟ್ಟಳು. "ವಾಸನೆ ಬರ್ತಾ ಇದೆ."

"ಹೊಸ ಪ್ಯಾಡು, ಸ್ವಲ್ಪ ಬರುತ್ತೆ."

"ನಮ್ಮ ಘಟ್ಟ ಮೂರು ಕಿಲೋಮೀಟರ್ ಓಟ್‌ಮಾರ್. ಸರೋವರದ ಘಟ್ಟ ಇಪ್ಪತ್ತು."

ಓಟ್‌ಮಾರ್ ಬೇಡವಾದ ಒಂದು ಕೆಲಸ ಮಾಡಿದ. ಡಿಕ್ಕಿ ತೆಗೆದು ತನ್ನ ಬಿಸಿ ಅಳೆಯುವ ಯಂತ್ರ ತಂದ. ಪಿಸ್ತೂಲಿನ ಆಕಾರದ್ದು, ಅಳತೆ ಪರೀಕ್ಷಿಸಿ ಮುದ್ರೆ ಒತ್ತಿದ್ದು, ಮುದ್ರೆಯೂ ಅವನದೇ. ಮುಂದಿನ ಚಕ್ರದ ಬ್ರೇಕ್ ಡಿಸ್ಕಿಗೆ ಗುರಿಯಿಟ್ಟ. ಮುನ್ನೂರ ಮೂವತ್ತೆಂಟು ಡಿಗ್ರಿ.

"ಪ್ಯಾಡು ತಡೆಯುತ್ತೆ. ಐನೂರರ ತನಕ ತಡೆಯುತ್ತೆ," ಎಂದ.

ಗೂಡ್ರುನ್ ಗಡಿಯಾರ ನೋಡಿದಳು. ಆರಕ್ಕೆ ಎಂಟು ನಿಮಿಷ ಬಾಕಿ. "ಕೀ ಕೊಡು," ಎಂದಳು.

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕೇಳಿದ್ದಳು. ಕೊಡುವುದಿಲ್ಲ ಎನ್ನಲು ಓಟ್‌ಮಾರ್‌ಗೆ ಕಾರಣ ಸಿಗಲಿಲ್ಲ, ಆದ್ದರಿಂದ ನಿಯಮ ಹುಡುಕಿದ. "ಹಾಗೆಲ್ಲ ಆಗಲ್ಲ. ಹೋಲಿಸಬೇಕು ಅಂದ್ರೆ ಡಿಸ್ಕು ಶುರುವಿನಲ್ಲಿ ಇದ್ದಷ್ಟೇ ತಣ್ಣಗಿರಬೇಕು. ಮೇಲೆ ಹೊರಡೋ ಮುಂಚೆ ಅಳೆದಿದ್ದೆ, ನಲವತ್ತು ಡಿಗ್ರಿ ಇತ್ತು."

"ಕಾಯೋಣ."

ಘಟ್ಟ ಹತ್ತಿ ನೆತ್ತಿಯಲ್ಲಿ ಕಾದರು. ಓಟ್‌ಮಾರ್ ಎರಡೆರಡು ನಿಮಿಷಕ್ಕೆ ಅಳೆದ. ನೂರ ಅರವತ್ತು. ನೂರ ಹತ್ತು. ಎಪ್ಪತ್ತು. ಗೂಡ್ರುನ್ ತಡೆಗೋಡೆಯ ಮೇಲೆ ಕೂತು ಮಧ್ಯಾಹ್ನದ ಬುತ್ತಿಯಲ್ಲಿ ಉಳಿದ ಉಪ್ಪಿನ ಬ್ರೆಟ್ಸೆಲ್ ಬ್ರೆಡ್ಡು ತಿಂದಳು, ಅರ್ಧ ಅವನಿಗೂ ಕೊಟ್ಟಳು. ನಲವತ್ತಕ್ಕೆ ಇಳಿದಾಗ ಆರು ಗಂಟೆ ಮೂವತ್ತೆಂಟು ನಿಮಿಷ.

ಗೂಡ್ರುನ್ ಸೀಟನ್ನು ಎರಡು ಗಂಟು ಮುಂದೆ ಎಳೆದುಕೊಂಡಳು. ಕನ್ನಡಿ ಸರಿಮಾಡಿದಳು. ಘಟ್ಟದ ಬಾಯಲ್ಲಿ, ಇನ್ನೂ ಇಳಿಜಾರು ಶುರುವಾಗುವ ಮೊದಲೇ, ಎರಡನೇ ಗೇರಿಗೆ ಹಾಕಿದಳು. ಇಂಜಿನ್ನು ಗುರುಗುಟ್ಟಿತು, ಆರು ಸಿಲಿಂಡರು ಕಾರನ್ನು ಹಿಂದಿನಿಂದ ಹಿಡಿದುಕೊಂಡ ಹಾಗೆ ಇಳಿಯಿತು. ತಿರುವಿನ ಮೊದಲು ಒಂದು ಸಲ ಬ್ರೇಕು ಮುಟ್ಟಿದಳು, ಗಟ್ಟಿಯಾಗಿ, ಸ್ವಲ್ಪವೇ ಹೊತ್ತು. ಆಮೇಲೆ ಕಾಲು ಎತ್ತಿದಳು. ಓಟ್‌ಮಾರ್ ಎಣಿಸಿದ. ತಾನು ಇಪ್ಪತ್ತೆರಡು ಸಲ ಒತ್ತಿದ್ದ. ಅವಳು ಆರು ತಿರುವಿಗೆ ಆರು ಸಲ, ಕೊನೆಗೆ ನಿಲ್ಲಿಸಲು ಒಂದು ಸಲ. ನಾಲ್ಕನೇ ತಿರುವಿನಿಂದ ಅವನ ಬಲಗಾಲು ಅವನ ಮಾತು ಕೇಳದೆ ಚಾಪೆಯನ್ನು ಒತ್ತತೊಡಗಿತ್ತು.

ಕೆಳಗೆ ಬಂದಾಗ ಗಡಿಯಾರದಲ್ಲಿ ಇಳಿಯಲು ಹಿಡಿದ ಸಮಯ ಅವನದಕ್ಕಿಂತ ಹದಿನಾಲ್ಕು ಸೆಕೆಂಡು ಹೆಚ್ಚು. ಓಟ್‌ಮಾರ್ ಇಳಿದು ಯಂತ್ರ ಹಿಡಿದ. ನೂರ ಮೂವತ್ತೊಂದು ಡಿಗ್ರಿ. ನಂಬಲಾಗದೆ ಇನ್ನೊಂದು ಚಕ್ರಕ್ಕೆ ಹಿಡಿದ. ನೂರ ಇಪ್ಪತ್ತೊಂಬತ್ತು. ಯಂತ್ರದಲ್ಲಿ ಏನಾದರೂ ದೋಷವಿದೆಯೇ ಎಂದು ತಿರುಗಿಸಿ ನೋಡಿದ. ಬೆನ್ನಿನ ಮೇಲೆ ಅವನದೇ ಮುದ್ರೆ ಅವನನ್ನೇ ನೋಡುತ್ತಿತ್ತು.

ಆರು ಗಂಟೆ ಐವತ್ತೊಂದು ನಿಮಿಷ. ಗೂಡ್ರುನ್ ಕಾರಿನಲ್ಲಿ ಕೂತಿದ್ದಳು, ಫೋನು ಮಡಿಲಲ್ಲಿತ್ತು. ತಾನು ಒಪ್ಪದಿದ್ದರೂ ಅವಳು ಸರೋವರಕ್ಕೆ ಹೋಗುತ್ತಾಳೆ, ಒಂದನೇ ಸೀಟಿನಲ್ಲಿ, ಗೇರ್‌ಬಾಕ್ಸಿನ ಬಗ್ಗೆ ನಗುತ್ತ. ಅವನೂ ಹೋಗುತ್ತಾನೆ, ಪಕ್ಕದ ಸೀಟಿನಲ್ಲಿ ಪ್ಯಾಡಿನ ಸೂಚನೆಯ ಕಾಗದ ಇಟ್ಟುಕೊಂಡು. ಓಟ್‌ಮಾರ್ ರೈಲು ನಿಲ್ದಾಣದ ಗಡಿಯಾರವನ್ನು ನೋಡಿದ. ಜೀವಮಾನದಲ್ಲಿ ಅವನು ಸಾವಿರಾರು ಅಂಗಡಿಯವರಿಗೆ ಅಳತೆ ಹೇಳಿದ್ದನ್ನು ಒಪ್ಪಿಕೊಳ್ಳಿ ಎಂದಿದ್ದ. ಒಬ್ಬರೂ ಖುಷಿಯಿಂದ ಒಪ್ಪಿರಲಿಲ್ಲ. ಅದು ಎಷ್ಟು ಕಷ್ಟವೆಂದು ಇವತ್ತು ಗೊತ್ತಾಯಿತು. ಎಲ್ಫ್ರೀಡೆಯ ಮುಖ ನೆನಪಾಗಿ ಮೊದಲ ಸಲ ಸ್ವಲ್ಪ ನಾಚಿಕೆಯಾಯಿತು.

"ಗೂಡ್ರುನ್."

"ಹ್ಞೂಂ."

"ಬಯಲಲ್ಲಿ ನಾನು ಓಡಿಸ್ತೀನಿ."

"ಸರಿ."

"ಘಟ್ಟ ಇಳಿಯುವಾಗ ನೀನು."

ಅವಳು ಫೋನು ಎತ್ತಿದಳು. "ಹಲೋ, ಉಲ್ಮ್ ಪ್ರವಾಸಿ ಬಸ್ಸಾ? ಒಂದನೇ ಸೀಟು ಬೇಡ. ಹೌದು, ಫ್ಲೈಡರರ್. ಇಲ್ಲ ಇಲ್ಲ, ಆರೋಗ್ಯ ಚೆನ್ನಾಗಿದೆ. ಬೇರೆ ಗಾಡಿ ಓಡಿಸೋ ಕೆಲಸ ಸಿಕ್ಕಿತು."

ಸರೋವರದ ದಾರಿಯಲ್ಲಿ ಒಂಬತ್ತನೇ ತಿರುವಿನಲ್ಲಿ ವಾಸನೆ ಬರಲಿಲ್ಲ. ಹನ್ನೊಂದನೇ ತಿರುವಿನ ಜಲ್ಲಿಯ ಜಾಗವನ್ನು ಗೂಡ್ರುನ್ ಎರಡನೇ ಗೇರಿನಲ್ಲಿ ದಾಟುತ್ತ, ಹಳೆಯ ಪರಿಚಯದವರಿಗೆ ಎಂಬಂತೆ ಎರಡು ಬೆರಳು ಎತ್ತಿದಳು. ದಂಡೆಯಲ್ಲಿ ಫೌಸ್ತೊ ಸಿಕ್ಕಿದ. ಈ ಸಲ ಸರಿಯಾಗಿ ನೋಡಿದರೆ ಅರವತ್ತು ದಾಟಿದ, ಹೊಟ್ಟೆ ಬಂದ ಮನುಷ್ಯ. ಬಂದವನೇ ಬಗ್ಗಿ ಕೆಂಪು ಕಾರಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದ. "ಇಷ್ಟೇನಾ ಬಿಸಿ? ಯಾವ ಪ್ಯಾಡು ಇದು?" ಎಂದು ಓಟ್‌ಮಾರ್‌ನನ್ನು ಕೇಳಿದ. ಓಟ್‌ಮಾರ್ ಪೂರ್ತಿ ನಲವತ್ತು ನಿಮಿಷ ವಿವರಿಸಿದ. ಹೆಂಡತಿಯ ವಿಚಾರ ಅದರಲ್ಲಿ ಮೂವತ್ತೊಂಬತ್ತನೇ ನಿಮಿಷಕ್ಕೆ ಬಂತು.

ಅಕ್ಟೋಬರಿನಲ್ಲಿ ಕಾರು ಸೀಗ್‌ಬರ್ಟನ ಗ್ಯಾರೇಜಿಗೆ ವಾರ್ಷಿಕ ನೋಟಕ್ಕೆ ಹೋಯಿತು. ಸೀಗ್‌ಬರ್ಟ್ ಚಕ್ರ ಬಿಚ್ಚಿ ನೋಡಿ ತಲೆ ಕೆರೆದುಕೊಂಡ.

"ಪ್ಯಾಡು ಹೊಸದರ ಹಾಗೇ ಇದೆ ಓಟ್‌ಮಾರ್. ಇನ್ನೂ ಐದು ವರ್ಷ ನೋಡೋ ಹಾಗಿಲ್ಲ. ಆದ್ರೆ ಎಡಗಡೆ ಸೀಟಿನ ಕಾಲಡಿ ಚಾಪೆ, ಕೆಲಸವಿಲ್ಲದೆ ಕೂತವನೊಬ್ಬ ಇಲ್ಲದ ಬ್ರೇಕನ್ನ ಒತ್ತಿ ಒತ್ತಿ ಸವೆಸಿದ ಹಾಗಿದೆ."

"ಕಾರಿನ ಎಡಗಡೆ ಚಾಲಕನ ಸೀಟು ಕಣೋ," ಎಂದ ಓಟ್‌ಮಾರ್.

"ನಾನು ಕಾರಿನ ಮುಂದೆ ನಿಂತು ನೋಡ್ತಾ ಇದ್ದೀನಿ, ನನಗೆ ಎಡ ಅದು. ನಿನ್ನ ಹೆಂಡತಿ ಓಡಿಸುವಾಗ ನೀನು ಕೂರೋ ಸೀಟು. ತೂತು ಬಿದ್ದಿದೆ, ಅದೂ ಹಿಮ್ಮಡಿಯ ಆಕಾರದ್ದೇ. ಬದಲಾಯಿಸಲಾ?"

ಓಟ್‌ಮಾರ್ ತೂತಿನೊಳಗೆ ಬೆರಳು ಹಾಕಿ ಅಂಚಿನ ದಪ್ಪ ಅಳೆದು ನೋಡಿದ.

"ಗಟ್ಟಿಯಾದದ್ದು ಯಾವುದಿದೆ ತೋರಿಸು," ಎಂದ. "ಮುದ್ರೆ ಇರೋದು."